ಅರ್ಧವೇ ತೆರೆಯುವ ಕಪಾಟಿಗೆ ಮಡಚು ಬಾಗಿಲು

ಇಂದಿನ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಒಳನಾಡಿನಲ್ಲಿ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎದ್ದ ತಾರಸಿ ಮನೆಗಳಲ್ಲಿ ಹಲವಕ್ಕೆ ಒಂದೇ ಮುಖಲಕ್ಷಣ. ಮುರಕಲ್ಲಿನ ಗೋಡೆ, ಮೇಲೆ ಕಾಂಕ್ರೀಟು, ಮಲಗುವ ಕೋಣೆಯ ಒಂದು ಬದಿಯಲ್ಲಿ ಗೋಡೆಯೊಳಗೇ ಕಪಾಟು, ಆ ಕಪಾಟಿಗೆ ಪ್ಲೈವುಡ್ಡಿನ ಎರಡು ಜಾರು ಬಾಗಿಲು. ಆಗ ಅದು ಹೊಸ ಫ್ಯಾಶನ್ನು. ಗಲ್ಫಿನಿಂದ ರಜೆಗೆ ಬಂದವರು ಅಲ್ಲಿ ನೋಡಿದ್ದನ್ನು ಇಲ್ಲಿ ಮಾಡಿಸಿದರು, ಅವರ ಮನೆ ನೋಡಿದ ನಾವು ನಮ್ಮಲ್ಲೂ ಮಾಡಿಸಿದೆವು. ಕೋಣೆ ಸಣ್ಣದು, ಬಾಗಿಲು ಹೊರಗೆ ತೆರೆಯುವುದಿಲ್ಲ, ಮಂಚಕ್ಕೆ ತಾಗುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಮೂವತ್ತು ಮಳೆಗಾಲ ಕಳೆದ ಮೇಲೆ ಆ ಬಾಗಿಲುಗಳ ಅವಸ್ಥೆ ಏನೆಂದು ಆ ಮನೆಯವರನ್ನೇ ಕೇಳಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಪ್ಲೈವುಡ್ಡಿನ ಅಡಿಯಂಚು ನೀರಿನ ಪಸೆ ಕುಡಿದು ಉಬ್ಬುತ್ತದೆ. ಕೆಳಗಿನ ಓಣಿಯಲ್ಲಿ ಧೂಳು, ಕೂದಲು, ಸತ್ತ ಜಿರಳೆ, ಕಳೆದುಹೋದ ನಾಣ್ಯ ಎಲ್ಲ ಸೇರಿ ಗಟ್ಟಿಯಾಗುತ್ತದೆ. ನೈಲಾನಿನ ಚಕ್ರ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಬಾಗಿಲು ಜಾರುವುದಿಲ್ಲ, ನಾವು ಅದನ್ನು ಎಳೆಯುತ್ತೇವೆ. ಆಟಿ ತಿಂಗಳಲ್ಲಿ ಎಳೆದರೂ ಬರುವುದಿಲ್ಲ.

ಚಕ್ರ ಹೊಸತು ಹಾಕಿಸಿದರೆ ಒಂದೆರಡು ವರ್ಷಕ್ಕೆ ಸರಿಯಾದೀತು. ಆದರೆ ಜಾರು ಬಾಗಿಲಿಗೆ ರಿಪೇರಿಯಾಗದ ಒಂದು ಊನ ಉಂಟು. ಒಂದರ ಹಿಂದೆ ಒಂದು ಸರಿಯುವ ಎರಡು ಬಾಗಿಲು ಎಂದಮೇಲೆ, ನೀವು ಏನು ಮಾಡಿದರೂ ಕಪಾಟಿನ ಅರ್ಧ ಮಾತ್ರ ತೆರೆದಿರುತ್ತದೆ. ನಮ್ಮ ಕಪಾಟಿನ ಅಗಲ ನಾಲ್ಕಡಿ. ಬಾಗಿಲುಗಳು ನಡುವೆ ಒಂದರ ಮೇಲೊಂದು ಸ್ವಲ್ಪ ಹತ್ತಿ ನಿಲ್ಲಬೇಕಾದ್ದರಿಂದ ಒಂದೊಂದೂ ಎರಡಡಿಗಿಂತ ಸ್ವಲ್ಪ ಹೆಚ್ಚು. ಅಂದರೆ ತೆರೆದಾಗ ಸಿಗುವ ದಾರಿ ಇಪ್ಪತ್ತಮೂರು ಇಂಚು. ಆ ಕಪಾಟಿನ ಕೆಳಗಿನ ಅರೆಯಲ್ಲಿ ಮೂರಡಿ ಉದ್ದದ ಕಬ್ಬಿಣದ ಟ್ರಂಕು ಇತ್ತು. 1988ರಲ್ಲಿ ಮನೆ ಒಕ್ಕಲಾದಾಗ, ಬಾಗಿಲು ಕೂರಿಸುವ ಮೊದಲೇ ಅಪ್ಪ ಅದನ್ನು ಒಳಗಿಟ್ಟಿದ್ದರು. ಆಮೇಲೆ ಹೊರಗೆ ಬಂದದ್ದೇ ಇಲ್ಲ. ಮೇಲಿನ ಹಲಗೆ ಅಡ್ಡ ಬರುವುದರಿಂದ ಮುಚ್ಚಳವೂ ಗೇಣಿಗಿಂತ ಹೆಚ್ಚು ತೆರೆಯದು. ಕೈ ಹಾಕಿ ತಡವಿ, ಸಿಕ್ಕಿದ್ದನ್ನು ತೆಗೆಯುವುದು, ಅಷ್ಟೆ.

ಕೇರಳದಲ್ಲಿ 2022ರ ನವೆಂಬರಿನಲ್ಲಿ ಡಿಜಿಟಲ್ ಮರುಮೋಜಣಿ ಶುರುವಾದ ಮೇಲೆ ಆ ಟ್ರಂಕಿನ ನೆನಪು ಬಂತು. ಮೋಜಣಿಯವರು ನಮ್ಮ ಕಡೆಗೂ ಬರುತ್ತಾರಂತೆ, ಗಡಿ ತೋರಿಸಬೇಕಂತೆ, ಕಾಗದ ಇದ್ದವರು ಸಿದ್ಧ ಇಟ್ಟುಕೊಳ್ಳಬೇಕಂತೆ ಎಂದು ಸುದ್ದಿ. ನಮ್ಮ ಜಾಗದ ಹಳೆಯ ಕಾಗದಗಳೆಲ್ಲ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದವು. 1956ರ ನವೆಂಬರ್ 1ಕ್ಕೆ ಮೊದಲಿನ ಮೂಲಗೇಣಿ ಚೀಟು, ಕ್ರಯಪತ್ರ, ತೀರ್ವೆ ರಶೀದಿ. ಎಲ್ಲ ಕನ್ನಡದಲ್ಲಿ, ಎಲ್ಲ ಆ ಟ್ರಂಕಿನ ತಳದಲ್ಲಿ.

“ಕಾಗದ ಗೆದ್ದಲಿಗೆ ಹೋಗುವ ಮೊದಲು ಅದನ್ನೊಮ್ಮೆ ಹೊರಗೆ ತೆಗಿ ಮಗಾ. ಹಾಗೇ ನನ್ನ ಸೀರೆ ತೆಗೀಲಿಕ್ಕೆ ಎರಡು ಜನ ಬೇಕಾಗುವ ಈ ಬಾಗಿಲಿಗೂ ಒಂದು ಗತಿ ಕಾಣಿಸು” ಎಂದರು ಅಮ್ಮ. ಅವರಿಗೆ ಎಂಬತ್ತನಾಲ್ಕು. ಬಲಗೈ ಹೆಗಲಿನ ಮೇಲೆ ಏಳುವುದಿಲ್ಲ.

ಕಪಾಟಿನ ಬಾಗಿಲಿಗಾಗಿ ಆಚಾರಿಯನ್ನು ಹುಡುಕುವುದು ಈಗ ಸುಲಭವಲ್ಲ. ಇದ್ದವರಿಗೆ ಇಡೀ ಮನೆಯ ಕೆಲಸ ಬೇಕು, “ಎರಡು ಬಾಗಿಲಿಗೆ ಬಂದ್ರೆ ನನಗೆಂತ ಗಿಟ್ಟುತ್ತದೆ ಮಾಸ್ಟ್ರೆ?” ಎಂದು ಒಬ್ಬರು ನೇರವಾಗಿಯೇ ಕೇಳಿದರು. ಅವರ ಮಾತು ತಪ್ಪಲ್ಲ. ಕೊನೆಗೆ ನಾನೇ ಮಾಡುವುದೆಂದು ತೀರ್ಮಾನಿಸಿದೆ. ನೆರೆಯ ಹಿರಿಯ ಆಚಾರ್ರು ಕೆಲಸ ಬಿಟ್ಟು ಹತ್ತು ವರ್ಷವಾಗಿದೆ. ಕೈಗೆ ನಡುಕ ಬಂದಿದೆ, ಮಾತಿಗೆ ಬಂದಿಲ್ಲ. ಅವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಮಾಡುವುದು ಎಂದು ಒಪ್ಪಂದವಾಯಿತು.

ಮಡಚು ಬಾಗಿಲೇ ಯಾಕೆ?

ಸಾದಾ ಬಾಗಿಲು, ಅಂದರೆ ಎರಡೆರಡಡಿಯ ಎರಡು ಬಾಗಿಲು ಹೊರಗೆ ತೆರೆಯುವಂತೆ ಇಟ್ಟರೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಮಂಚಕ್ಕೂ ಕಪಾಟಿಗೂ ನಡುವೆ ಇರುವುದು ಎರಡೂಕಾಲಡಿ. ಎರಡಡಿಯ ಬಾಗಿಲು ತೆರೆದರೆ ಮನುಷ್ಯ ನಿಲ್ಲುವುದೆಲ್ಲಿ? ಮಡಚು ಬಾಗಿಲಿನಲ್ಲಿ ನಾಲ್ಕಡಿಗೆ ನಾಲ್ಕು ಹಲಗೆ, ಎರಡೆರಡರ ಜೋಡಿ. ಜೋಡಿಯ ಒಂದು ಹಲಗೆ ಗೋಡೆ ಬದಿಯಲ್ಲಿ ಗೂಟದ ಮೇಲೆ ತಿರುಗುತ್ತದೆ, ಇನ್ನೊಂದು ಅದಕ್ಕೆ ಬಿಜಾಗರಿಯಿಂದ ಸೇರಿಕೊಂಡು ಪುಸ್ತಕದ ರಟ್ಟಿನಂತೆ ಮಡಚಿಕೊಳ್ಳುತ್ತದೆ. ಹೊರಗೆ ಚಾಚುವುದು ಒಂದು ಹಲಗೆಯ ಅಗಲ, ಅಂದರೆ ಒಂದಡಿ ಮಾತ್ರ. ತೆರೆದಾಗ ಎರಡು ಬದಿಯಲ್ಲಿ ಮಡಚಿದ ಹಲಗೆಗಳ ದಪ್ಪ, ಒಂದೊಂದು ಕಡೆ ಎರಡು ಇಂಚು ಚಿಲ್ಲರೆ, ಅಷ್ಟು ಬಿಟ್ಟರೆ ಉಳಿದದ್ದೆಲ್ಲ ದಾರಿಯೇ.

ಇದೇನೂ ನಮಗೆ ಹೊಸತಲ್ಲ. ಹಳೆಯ ಮನೆಗಳ ಕಿಟಕಿಗಳಿಗೆ ನಾಲ್ಕು ಮಡಿಕೆಯ ಬಾಗಿಲು ಇತ್ತು. ಅಂಗಡಿಯಲ್ಲಿ ಕೇಳುವಾಗ ಮಾತ್ರ ಭಾಷೆಯ ತೊಡಕು. ನಾನು ಮಡಚು ಬಾಗಿಲು ಎಂದೆ, ಅಂಗಡಿಯವರು ಮಲಯಾಳದಲ್ಲಿ ಮಡಕ್ಕುವಾದಿಲ್ ಎಂದರು, ಪೆಟ್ಟಿಗೆಯ ಮೇಲೆ ಬರೆದದ್ದು ಫೋಲ್ಡಿಂಗ್ ಡೋರ್ ಫಿಟ್ಟಿಂಗ್. ಬಿಜಾಗರಿ ಎಂದಾಗ ಯಾರಿಗೂ ಸಂಶಯ ಬರಲಿಲ್ಲ. ಅವರದು ವಿಜಾಗಿರಿ, ನಮ್ಮದು ಬಿಜಾಗರಿ. ಎರಡೂ ಪೋರ್ಚುಗೀಸರು ಬಿಟ್ಟುಹೋದ ಬಿಸಾಗ್ರ. ಬೀಗದ ಚಾವಿಯೂ ಅವರದೇ, ಅಲಮಾರಿಯೂ ಅವರದೇ. ಕಪಾಟಿನ ವಿಷಯಕ್ಕೆ ಬಂದರೆ ಗಡಿಯ ಎರಡೂ ಕಡೆಯವರು ಒಂದೇ ಅಂಗಡಿಯಿಂದ ಕಡ ತಂದವರು.

ಹಳೆಯದನ್ನು ಕಳಚುವುದು

ಜಾರು ಬಾಗಿಲು ಕಳಚಲು ಸುತ್ತಿಗೆ ಬೇಡ. ಅದರ ಮೇಲಿನ ಓಣಿ ಕೆಳಗಿನದಕ್ಕಿಂತ ಆಳ ಇರುತ್ತದೆ. ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದರೆ ಅಡಿಯಂಚು ಓಣಿಯಿಂದ ಹೊರಬರುತ್ತದೆ, ಆಗ ಅಡಿಯನ್ನು ನಮ್ಮ ಕಡೆಗೆ ಎಳೆದುಕೊಂಡು ಕೆಳಗಿಳಿಸುವುದು. ಮೊದಲು ಹೊರಗಿನದು, ಆಮೇಲೆ ಒಳಗಿನದು. ನಮ್ಮದು ಉಬ್ಬಿಕೊಂಡಿದ್ದರಿಂದ ಪಗ್ಗು ತಿಂಗಳ ಬಿಸಿಲಿಗಾಗಿ ಕಾಯಬೇಕಾಯಿತು. ಮರದ ಕೆಲಸಕ್ಕೆ ನಮ್ಮಲ್ಲಿ ಅದೇ ಕಾಲ. ಮಾರ್ಚಿನಿಂದ ಪತ್ತನಾಜೆಯೊಳಗೆ ಅಳತೆ, ಕೊಯ್ತ, ಬಣ್ಣ ಎಲ್ಲ ಮುಗಿಯಬೇಕು. ಮಳೆಗಾಲದಲ್ಲಿ ಅಳೆದ ಬಾಗಿಲು ಬೇಸಗೆಯಲ್ಲಿ ಬಿರುಕು ಬಿಡುತ್ತದೆ, ಬೇಸಗೆಯಲ್ಲಿ ಬಿಗಿಯಾಗಿ ಕೂರಿಸಿದ್ದು ಮಳೆಗಾಲದಲ್ಲಿ ಹಿಡಿಯುತ್ತದೆ.

ಓಣಿಯ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸೀಮೆಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟರೆ ಮುಕ್ಕಾಲು ಪಾಲು ಬಿಟ್ಟುಕೊಡುತ್ತವೆ. ಉಳಿದವುಗಳ ತಲೆಯನ್ನು ಕೊರೆದು ಹಾರಿಸಬೇಕು.

ಬಾಗಿಲೆರಡೂ ಹೊರಗೆ ಬಂದ ಆ ಮಧ್ಯಾಹ್ನ ಟ್ರಂಕನ್ನು ಚಾವಡಿಗೆ ತಂದೆವು. ತಳ ತುಕ್ಕು ತಿಂದಿತ್ತು. ಗೆದ್ದಲು ಬಂದಿರಲಿಲ್ಲ, ಆದರೆ ಕಾಗದ ತಿನ್ನುವ ಬೆಳ್ಳಿಹುಳ ಅಂಚುಗಳನ್ನು ಜಾಲರಿ ಮಾಡಿತ್ತು. ತೀರ್ವೆ ರಶೀದಿಗಳ ಒಂದು ಕಟ್ಟು ಪಸೆಗೆ ಅಂಟಿಕೊಂಡು ಇಟ್ಟಿಗೆಯಂತಾಗಿತ್ತು. ಅದನ್ನು ಬಿಡಿಸಲಾಗಲಿಲ್ಲ. ಕ್ರಯಪತ್ರ ಉಳಿದಿತ್ತು. ಮೂಡು, ತೆಂಕು, ಪಡು, ಬಡಗು ಎಂದು ಚಕ್ಕುಬಂದಿ ಬರೆದ ಪುಟದಲ್ಲಿ ಬಡಗಿನ ಸಾಲು ಅರ್ಧ ಹೋಗಿದೆ, ಉಳಿದ ಮೂರು ಸ್ಪಷ್ಟ ಉಂಟು. ಅಮ್ಮ ಕನ್ನಡಕ ಹಾಕಿಕೊಂಡು ಓದಿ, “ಬಡಗಿಗೆ ತೋಡು. ಅದನ್ನು ಓದಬೇಕಾ, ನನಗೆ ಗೊತ್ತುಂಟಲ್ಲ” ಎಂದರು. ಮೋಜಣಿಯವರಿಗೆ ಅಮ್ಮನ ಮಾತು ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ಪ್ರತಿಯೊಂದು ಕಾಗದದ ಫೋಟೋ ತೆಗೆದು, ಮೂಲವನ್ನು ನೆರಳಲ್ಲಿ ಒಣಗಿಸಿ ಹೊಸ ಕಡತದಲ್ಲಿಟ್ಟೆ.

ಅಳತೆ ಎಂಬ ಅರ್ಧ ಕೆಲಸ

“ಬಾಗಿಲು ಹಾಳಾದದ್ದಲ್ಲ ಮಾಸ್ಟ್ರೆ, ಗೋಡೆ ವಾಲಿದ್ದು. ಮೊದಲು ಗುಂಡು ಬಿಡಿ” ಎಂದರು ಆಚಾರ್ರು. ಚೌಕಟ್ಟಿಗೆ ನಮ್ಮಲ್ಲಿ ದಾರಂದ ಎನ್ನುವುದು. ದಾರಂದದ ಎರಡು ಕಂಬಕ್ಕೂ ತೂಗುಗುಂಡು ಬಿಟ್ಟು ನೋಡಿದೆ. ಎಡಗಡೆಯದು ಮೇಲಿಂದ ಕೆಳಗಾಗುವಾಗ ಎರಡು ನೂಲು ಒಳಗೆ ಬಂದಿತ್ತು. ಇಂಚಿನ ಎಂಟರಲ್ಲೊಂದು ಭಾಗ ಒಂದು ನೂಲು. ಸೆಂಟಿಮೀಟರಿನ ಟೇಪು ಬಂದರೂ ಮರದ ಕೆಲಸದವರ ಬಾಯಲ್ಲಿ ನೂಲು ಹೋಗಿಲ್ಲ. ಜಾರು ಬಾಗಿಲಿಗೆ ಈ ಎರಡು ನೂಲು ದೊಡ್ಡ ವಿಷಯವಲ್ಲ, ಮಡಚು ಬಾಗಿಲಿಗೆ ದೊಡ್ಡದೇ.

ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಸಣ್ಣದನ್ನು ಹಿಡಿಯಬೇಕು. ನಮ್ಮಲ್ಲಿ ಸಿಕ್ಕಿದ ಸಣ್ಣ ಅಳತೆ ನಲವತ್ತೇಳೂಮುಕ್ಕಾಲು ಇಂಚು. ಮೂಲೆಯಿಂದ ಮೂಲೆಗೆ ಅಡ್ಡಲಾಗಿಯೂ ಅಳೆಯಬೇಕು. ಎರಡು ಅಡ್ಡ ಅಳತೆ ಸಮ ಬಂದರೆ ಚೌಕ ಸರಿ ಇದೆ ಎಂದರ್ಥ. ಇನ್ನು ಲೆಕ್ಕ. ಎರಡು ಬದಿಯಲ್ಲಿ ಎರಡೆರಡು ನೂಲು ಸಂದು, ಎರಡು ಜೋಡಿ ಕೂಡುವ ನಡುವೆ ಎರಡು ನೂಲು, ಪ್ರತಿ ಜೋಡಿಯ ಬಿಜಾಗರಿಯಲ್ಲಿ ಒಂದೊಂದು ನೂಲು. ಇಷ್ಟಕ್ಕೇ ಒಂದಿಂಚು ಹೋಯಿತು. ಇದರ ಮೇಲೆ “ಆಟಿಗೆ ಅಂತ ಎರಡು ನೂಲು ಬೇರೆ ಬಿಡಿ” ಎಂದರು ಆಚಾರ್ರು. ಬಣ್ಣದ ದಪ್ಪವೂ ಮಳೆಗಾಲದ ಉಬ್ಬೂ ಅದರಲ್ಲಿ ಬಂತು. ಉಳಿದದ್ದು ನಲವತ್ತಾರೂವರೆ ಇಂಚು. ನಾಲ್ಕರಿಂದ ಭಾಗಿಸಿದರೆ ಹಲಗೆಯೊಂದಕ್ಕೆ ಹನ್ನೊಂದು ಇಂಚು ಐದು ನೂಲು.

ನಾಲ್ಕಡಿಯ ಕಪಾಟಿಗೆ ಒಂದು ಅನುಕೂಲ ಉಂಟು. ಅಂಗಡಿಯಲ್ಲಿ ಸಿಗುವ ಎಂಟಡಿ-ನಾಲ್ಕಡಿಯ ಒಂದೇ ಹಾಳೆಯಲ್ಲಿ ನಾಲ್ಕು ಹಲಗೆಯೂ ಬರುತ್ತದೆ, ಗರಗಸ ತಿನ್ನುವ ದಪ್ಪವೂ ಅದರಲ್ಲೇ ಕಳೆಯುತ್ತದೆ. ಐದಡಿಯ ಕಪಾಟಾದರೆ ಎರಡು ಹಾಳೆ ಬೇಕು, ಅರ್ಧಕ್ಕರ್ಧ ಉಳಿಕೆ. ಎತ್ತರ ನಮ್ಮದು ಆರೂವರೆ ಅಡಿ. ಮೇಲಿನ ಓಣಿಗೆ, ಅದರ ಸಂದಿಗೆ, ಅಡಿಯ ಗೂಟಕ್ಕೆ ಎಂದು ಒಂದೂಮುಕ್ಕಾಲು ಇಂಚು ಕಳೆದೆ. ಇದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುತ್ತದೆ. ಸೆಟ್ಟನ್ನು ಮೊದಲು ಕೊಂಡು, ಅದರೊಳಗಿನ ಚೀಟಿ ನೋಡಿ, ಆಮೇಲೆ ಹಲಗೆ ಕೊಯ್ಸುವುದು ಕ್ರಮ.

ಯಾವ ಹಲಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಬ್ಲಾಕ್ ಬೋರ್ಡು, ಮುಕ್ಕಾಲು ಇಂಚಿನದು. ಉದ್ದನೆಯ ಬಾಗಿಲಿಗೆ ಅದು ಪ್ಲೈವುಡ್ಡಿಗಿಂತ ಕಡಿಮೆ ಬಾಗುತ್ತದೆ. ಪ್ಲೈವುಡ್ಡೇ ಬೇಕೆಂದರೆ ನೀರು ತಡೆಯುವ ಜಾತಿಯದನ್ನು ಕೇಳಬೇಕು. ಮೆರೈನ್ ಪ್ಲೈಗೆ ಐಎಸ್ 710 ಎಂಬ ಮುದ್ರೆ ಇರುತ್ತದೆ. ಮರದ ಪುಡಿ ಒತ್ತಿ ಮಾಡಿದ ಅಗ್ಗದ ಹಲಗೆ ನಮ್ಮ ಹವೆಗೆ ಆಗದು, ಒಮ್ಮೆ ನೀರು ಕುಡಿದರೆ ಬನ್ನಿನಂತೆ ಊದುತ್ತದೆ. ಹಳೆಯ ಜಾರು ಬಾಗಿಲನ್ನೇ ಉದ್ದಕ್ಕೆ ಸೀಳಿ ನಾಲ್ಕು ಮಾಡಬಹುದೇ? ಒಳಗೆ ಗಟ್ಟಿ ಇದ್ದರೆ, ಅಡಿ ಕೊಳೆಯದಿದ್ದರೆ ಖಂಡಿತ ಮಾಡಬಹುದು. ಒಳಗೆ ಟೊಳ್ಳಿರುವ ಬಾಗಿಲಾದರೆ ಸೀಳಿದ ಅಂಚಿನಲ್ಲಿ ಸ್ಕ್ರೂ ಹಿಡಿಯಲು ಏನೂ ಉಳಿಯುವುದಿಲ್ಲ. ನಮ್ಮದು ಅಡಿ ಕೊಳೆತಿತ್ತು, ಬಚ್ಚಲ ಒಲೆಗೆ ಹೋಯಿತು.

ಭಾರ ಹೊರುವುದು ಯಾರು?

ಮಡಚು ಬಾಗಿಲು ಕೂರಿಸುವವರು ಒಂದು ಸಂಗತಿ ತಿಳಿದಿರಬೇಕು. ಇದರಲ್ಲಿ ಮೇಲಿನ ಓಣಿ ಭಾರ ಹೊರುವುದಿಲ್ಲ, ದಾರಿ ತೋರಿಸುತ್ತದೆ ಅಷ್ಟೆ. ಜೋಡಿಯ ಪೂರ್ತಿ ಭಾರ ಗೋಡೆ ಬದಿಯ ಹಲಗೆಯ ಅಡಿಯಲ್ಲಿರುವ ಒಂದು ಬೆರಳು ಗಾತ್ರದ ಗೂಟದ ಮೇಲೆ, ಆ ಗೂಟ ಕೂರುವ ಎಲ್ ಆಕಾರದ ಪಟ್ಟಿಯ ಮೇಲೆ. ಹಾಳೆಯ ಭಾರ ಮೂವತ್ತು ಕಿಲೋಗೂ ಮೇಲೆ, ಅದರ ಅರ್ಧ ಒಂದು ಪಟ್ಟಿಗೆ. ಪಟ್ಟಿ ಅಲುಗಿದರೆ ಬಾಗಿಲು ಎಂದೂ ಸರಿ ಕೂರದು. ಮುರಕಲ್ಲಿಗೆ ಸ್ಕ್ರೂ ಹೊಡೆದರೆ ಹಿಡಿತ ಇಲ್ಲ, ಪುಡಿಯಾಗಿ ಉದುರುತ್ತದೆ. ದಾರಂದದ ಮರಕ್ಕೇ ಹೊಡೆಯಬೇಕು. ದಾರಂದ ಇಲ್ಲದ ಕಪಾಟಾದರೆ ಗೋಡೆಗೆ ಮೊದಲು ಮರದ ಪಟ್ಟಿಯೊಂದನ್ನು ಉದ್ದ ಬೋಲ್ಟಿನಿಂದ ಬಿಗಿದುಕೊಳ್ಳಬೇಕು.

ಕ್ರಮ ಹೀಗೆ. ಮೇಲಿನ ದಾರಂದದ ಅಡಿಗೆ ಓಣಿಯನ್ನು ಸ್ಕ್ರೂ ಮಾಡಿದೆ. ಓಣಿಯ ನಡುಗೆರೆಯಿಂದ ಗುಂಡು ಬಿಟ್ಟು, ನೆಲದಲ್ಲಿ ಗುರುತು ಮಾಡಿ, ಅದೇ ಗೆರೆಯಲ್ಲಿ ಕೆಳಗಿನ ಪಟ್ಟಿಗಳನ್ನು ಬಿಗಿದೆ. ಮೇಲಿನ ಗೂಟವೂ ಕೆಳಗಿನ ಗೂಟವೂ ಒಂದೇ ಗುಂಡಿನ ದಾರದಲ್ಲಿ ನಿಂತರೆ ಕೆಲಸ ಗೆದ್ದಂತೆ. ವಾಲಿದ ಎಡಗಂಬದ ಕಡೆ ಪಟ್ಟಿಯ ಹಿಂದೆ ತೆಳು ಮರದ ಚಕ್ಕೆ ಕೊಟ್ಟು ಸಮ ಮಾಡಿದೆ. ಹಲಗೆಗಳನ್ನು ಮಂಚದ ಮೇಲೆ ಕವುಚಿ ಮಲಗಿಸಿ, ನಡುವೆ ಒಂದು ನೂಲಿನ ರಟ್ಟು ಇಟ್ಟು, ಒಳಮೈಯಲ್ಲಿ ಮೂರು ಮೂರು ಬಿಜಾಗರಿ ಹಾಕಿದೆ: ಮೇಲಿಂದ ಆರೇಳು ಇಂಚಿಗೆ ಒಂದು, ಕೆಳಗಿಂದ ಅಷ್ಟಕ್ಕೇ ಒಂದು, ಸರಿ ನಡುವೆ ಒಂದು. ಬಿಜಾಗರಿ ಒಳಮೈಗೇ ಬರಬೇಕು. ಆಗಲೇ ಮಡಿಕೆ ನಮ್ಮ ಕಡೆಗೆ ಬರುತ್ತದೆ, ಹೊರಗಿನಿಂದ ನೋಡುವವರಿಗೆ ಕಬ್ಬಿಣ ಕಾಣುವುದಿಲ್ಲ.

ಎತ್ತಿ ಕೂರಿಸುವುದಕ್ಕೆ ಇಬ್ಬರು ಬೇಕು. ಜೋಡಿಯನ್ನು ಮಡಚಿಕೊಂಡು ಮೊದಲು ಅಡಿಯ ಗೂಟವನ್ನು ಪಟ್ಟಿಯ ತೂತಿಗೆ ಇಳಿಸಿ, ಬಾಗಿಲನ್ನು ನೆಟ್ಟಗೆ ಮಾಡುತ್ತಾ ಮೇಲಿನ ಸ್ಪ್ರಿಂಗಿನ ಗೂಟವನ್ನು ಬೆರಳಲ್ಲಿ ಒತ್ತಿ ಹಿಡಿದು ಓಣಿಯೊಳಗಿನ ಕಣ್ಣಿಗೆ ಬಿಡಬೇಕು. ಕೊನೆಗೆ ಇನ್ನೊಂದು ಹಲಗೆಯ ತುದಿಯ ಉರುಳು ಚಕ್ರವನ್ನು ಓಣಿಗೆ ಏರಿಸಬೇಕು. ಮಗಳು ಒತ್ತಿದಳು, ನಾನು ಎತ್ತಿದೆ, ಆಚಾರ್ರು “ಬಲಕ್ಕೆ, ಬಲಕ್ಕೆ, ಹಾಂ ಅಲ್ಲೇ” ಎಂದರು. ಮೊದಲ ಜೋಡಿಗೆ ಒಂದು ಗಂಟೆ ಹಿಡಿಯಿತು, ಎರಡನೆಯದಕ್ಕೆ ಹತ್ತು ನಿಮಿಷ.

ಹಿಡಿಕೆಯ ಜಾಗ ಅನೇಕರು ಯೋಚಿಸದ ವಿಷಯ. ಎರಡು ಜೋಡಿ ಕೂಡುವ ನಡುಗೆರೆಯ ಪಕ್ಕದಲ್ಲಿ ಹಿಡಿಕೆ ಇಟ್ಟರೆ ನೋಡಲು ಚಂದ, ಎಳೆಯಲು ಕಷ್ಟ. ಬಾಗಿಲು ತೆರೆಯಲು ಮಡಿಕೆ ಮುಂದೆ ಬರಬೇಕು. ಆದ್ದರಿಂದ ಸರಿಯುವ ಹಲಗೆಯಲ್ಲೇ, ಮಡಿಕೆಗೆ ಹತ್ತಿರದ ಕಡೆ ಹಿಡಿಕೆ ಇದ್ದರೆ ಎರಡು ಬೆರಳಿನ ಬಲ ಸಾಕು. ಎತ್ತರವನ್ನು ಅಮ್ಮನ ಕೈಗೆ ಅಳೆದು ಇಟ್ಟೆ, ನನ್ನ ಕೈಗಲ್ಲ. ನಡುಗೆರೆಯಲ್ಲಿ ಎರಡು ಜೋಡಿ ಒಂದೇ ಸಮ ನಿಲ್ಲುವಂತೆ ಒಳಗಡೆ ಮೇಲೆ ಕೆಳಗೆ ಸಣ್ಣ ಅಯಸ್ಕಾಂತ ಹಾಕಿದೆ.

ಬಣ್ಣದ ವಿಷಯದಲ್ಲಿ ನಮ್ಮೂರಿಗೆಂದೇ ಒಂದು ಮಾತು ಹೇಳಬೇಕು. ನೀರು ಹೊಗುವುದು ಹಲಗೆಯ ಮೈಯಿಂದಲ್ಲ, ಕೊಯ್ದ ಅಂಚಿನಿಂದ. ಕೂರಿಸುವ ಮೊದಲೇ ನಾಲ್ಕೂ ಅಂಚಿಗೆ, ಯಾರೂ ನೋಡದ ತಲೆಯಂಚು ಅಡಿಯಂಚಿಗೂ ಸೇರಿಸಿ ಎರಡು ಕೈ ಪ್ರೈಮರ್ ಕೊಡಬೇಕು. ಹೊರಮೈಗೆ ಎಷ್ಟು ಬಣ್ಣವೋ ಒಳಮೈಗೂ ಅಷ್ಟೇ. ಒಂದು ಮೈಗೆ ಮಾತ್ರ ಬಳಿದರೆ ಹಲಗೆ ಬಾಗುತ್ತದೆ. ನಮ್ಮ ಹಳೆಯ ಬಾಗಿಲಿನ ಅಡಿಯಂಚಿಗೆ ಕೂರಿಸಿದವರು ಬಣ್ಣದ ಕುಂಚವನ್ನೇ ತಾಗಿಸಿರಲಿಲ್ಲ ಎಂದು ಕಳಚಿದ ಮೇಲೆ ಗೊತ್ತಾಯಿತು.

ಟ್ರಂಕು ಈಗ ಹಳೆಯ ಜಾಗದಲ್ಲೇ ಇದೆ, ಅಡಿಗೆ ಎರಡು ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿದ್ದೇನೆ. ಕಾಗದ ಅದರೊಳಗಿಲ್ಲ, ಮೇಲಿನ ಅರೆಯಲ್ಲಿ ಗಾಳಿ ಬರುವಲ್ಲಿದೆ. ಅಮ್ಮ ದಿನಕ್ಕೆ ನಾಲ್ಕು ಸಲ ಸುಮ್ಮನೆ ಬಾಗಿಲು ತೆರೆದು ಮುಚ್ಚುತ್ತಾರೆ. “ಒಳಗೆ ಬೆಳಕು ಬರ್ಲಿ ಅಂತ” ಎಂಬುದು ಅವರ ಸಬೂಬು.

ಜುಲೈ ನಡುವಿಗೆ ಎಡಗಡೆಯ ಜೋಡಿ ಅಡಿಯಲ್ಲಿ ಸ್ವಲ್ಪ ಉಜ್ಜತೊಡಗಿತು. ಇದಕ್ಕೆ ಬಾಗಿಲು ಇಳಿಸಿ ಕೀಸುಳಿ ಹೊಡೆಯಬೇಕಾಗಿಲ್ಲ. ಅಡಿಯ ಗೂಟಕ್ಕೆ ತಿರುಪು ಇರುತ್ತದೆ, ಸಣ್ಣ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ಬಾಗಿಲು ಒಂದು ಕೂದಲೆಳೆ ಮೇಲೇರುತ್ತದೆ. ಬದಿ ಉಜ್ಜಿದರೆ ಮೇಲಿನ ಕಣ್ಣಿನ ಸ್ಕ್ರೂ ಸಡಿಲಿಸಿ ಅತ್ತಿತ್ತ ಸರಿಸಬಹುದು. ದೀಪಾವಳಿಯ ಹೊತ್ತಿಗೆ ಮರ ಒಣಗಿ ಸಂದು ದೊಡ್ಡದಾದಾಗ ಮತ್ತೆ ಅರ್ಧ ಸುತ್ತು ಹಿಂದಕ್ಕೆ. ಸ್ಪ್ಯಾನರನ್ನು ಕಪಾಟಿನೊಳಗೇ ಒಂದು ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದೇನೆ.